ಅಪ್‌ಡೇಟ್: ವಯೋಮಿಂಗ್ ಹಂಟಿಂಗ್ ಟ್ರಿಪ್, ಹೋಗಿ ಬಂದ್ವಿ

ಮರ್ತಿರೋರಿಗೆ: ಡೆನ್ವರ್‌ನಿಂದ ಪಕ್ಕದ ವಯೋಮಿಂಗ್ ರಾಜ್ಯಕ್ಕೆ (ಅಮೆರಿಕ) ನಾನೂ ನಮ್ ಆಫೀಸ್ ಫ್ರೆಂಡೂ ಮ್ಯೂಲ್ ಡಿಯರ್ (ದೊಡ್ಡ ಕಿವಿಯ ಜಿಂಕೆ), ಆಂಟಿಲೋಪ್ ಬೇಟೆಗೆ ಹೋಗ್ತಿದೀವಿ, ಗೈಡ್‌ಗೆ ಅಷ್ಟ್ ದುಡ್ಡು ಸುರೀಬೇಕಾ ಅಂತ ಕೇಳಿದ್ದೆ. ನನ್ ಪ್ರಕಾರ ಸುರೀಬೋದು. ಹೊರ ರಾಜ್ಯದವ್ರಿಗೆ ಗೈಡ್ ಕಡ್ಡಾಯ ಇರೋದು ವಿಲ್ಡರ್‌ನೆಸ್ ಏರಿಯಾಲಿ (ಸರ್ಕಾರ ಘೋಷಿಸಿರೋ ಸಂರಕ್ಷಿತ ಕಾಡುಪ್ರದೇಶ) ಮಾತ್ರ, ನಾವು ಹೋಗಿದ್ದು ಸೇಜ್‌ಬ್ರಷ್ ಅನ್ನೋ ಕುರುಚಲು ಗಿಡಗಳ ಬಯಲು, ಆದ್ರೂ ರ‍್ಯಾಂಚ್ ಎಲ್ಲಿ ಮುಗಿಯುತ್ತೆ ಪಬ್ಲಿಕ್ ಲ್ಯಾಂಡ್ ಎಲ್ಲಿ ಶುರುವಾಗುತ್ತೆ ಅಂತ ನಾವೇ ಹುಡ್ಕೋಕೆ ಹೋಗಿದ್ರೆ ಇಡೀ ದಿನ ಫೋನಲ್ಲಿ ಮ್ಯಾಪ್ ನೋಡೋದೇ ಆಗ್ತಿತ್ತು.

ಆಂಟಿಲೋಪ್ ಅಂದ್ರೆ ಅಲ್ಲಿ ಪ್ರಾಂಗ್‌ಹಾರ್ನ್, ನೋಡೋಕೆ ಜಿಂಕೆ ತರದ ಪ್ರಾಣಿ. ಗಂಟೆಗೆ 80 ಕಿ.ಮೀ. ಮೇಲೇ ಓಡುತ್ತೆ, ಕಣ್ಣಂತೂ ಭಯಂಕರ ಚುರುಕು, ಆದ್ರೆ ಬೇಲಿ ಹಾರೋದು ಅಪರೂಪ, ಕೆಳಗಿಂದ ನುಸುಳುತ್ತೆ! ಗೈಡ್ ಮುಳ್ಳುತಂತಿಯ ಕೆಳಗಿನ ಎಳೆ ತೋರ್ಸಿದ, ಒರಟು ಬಿಳಿ ಕೂದ್ಲು ಸಿಕ್ಕಾಕೊಂಡಿತ್ತು, ಕೆಳಗೆ ಮಣ್ಣು ಸವೆದು ನುಣ್ಣಗಾಗಿತ್ತು. ಅದರ ಹತ್ರನೇ ಹಳ್ಳದಲ್ಲಿ ಮಲ್ಕೊಂಡು ಕಾದ್ವಿ, ಮೊಣಕೈ ತುಂಬಾ ಪಾಪಾಸುಕಳ್ಳಿ ಮುಳ್ಳು (ಮೊಣಕಾಲಿಗೆ ಪ್ಯಾಡ್ ತಗೊಳ್ಳಿ ಅಂದವ್ರಿಗೆ ಥ್ಯಾಂಕ್ಸ್, ಎಲ್ಬೋ ಪ್ಯಾಡೂ ಹೇಳ್ಬೋದಿತ್ತು). ನಂಗೆ ಅಲ್ಲೇ ಸಿಕ್ತು. ಬಿಸಿಲಿತ್ತು, ಅದಕ್ಕೆ ತಕ್ಷಣ ಚರ್ಮ ತೆಗೆದು ಐಸ್‌ಗೆ ಹಾಕಿದ್ವಿ, ಇಲ್ಲಾಂದ್ರೆ ಮಾಂಸ ಕೆಡುತ್ತೆ.

ಡಿಯರ್ ಸಿಕ್ಕಿದ್ದು ಫ್ರೆಂಡ್‌ಗೆ, ಅದೂ ನಮ್ ವಾಸನೆ ಅದಕ್ಕೆ ಸಿಗ್ದಿರ್ಲಿ ಅಂತ ಗಾಳಿ ದಿಕ್ಕು ನೋಡಿ ಗುಡ್ಡ ಸುತ್ಕೊಂಡು ಹೋದ್ಮೇಲೆ.

ಮಾಂಸ ವಾಸನೆ ಬರುತ್ತಾ ಅಂತ ಕೇಳಿದ್ರಲ್ಲ, ಇಲ್ಲ, ಆಂಟಿಲೋಪ್‌ನ ಕಾಚಂಪುಳಿ (ಕೊಡಗಿನ ಹುಳಿ) ಹಾಕಿ ಹುರಿದೆ, ಸೂಪರ್. ಡಿಯರ್ ಮಾಂಸ ಮಾತ್ರ ಇನ್ನೂ ಫ್ರೀಜರ್‌ನಲ್ಲಿದೆ, ಜಿಂಕೆಗಳಿಗೆ ಬರೋ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ ಮಾರಕ ಮಿದುಳು ರೋಗದ ಟೆಸ್ಟಿಗೆ ಸ್ಯಾಂಪಲ್ ಕೊಟ್ಟಿದೀವಿ, ರಿಸಲ್ಟ್ ಬರೋವರ್ಗೂ ಮುಟ್ಟಲ್ಲ.