ಕಾರ್ಬೊರೇಟರ್ ಓವರ್‌ಫ್ಲೋ: ಹೊಸ ನೀಡಲ್ ಹಾಕಿದರೂ ಪೆಟ್ರೋಲ್ ನಿಲ್ಲುತ್ತಿಲ್ಲ

ಪ್ರಶ್ನೆ, ಕೋಡಿಬೆಂಗ್ರೆಯಿಂದ:
ನಮ್ಮದು ಸಣ್ಣ ಫೈಬರ್ ದೋಣಿ. ಹಿಂಬದಿಗೆ ಸಿಕ್ಕಿಸುವ ಎರಡು ಸ್ಟ್ರೋಕ್‌ನ 8 ಎಚ್‌ಪಿ ಔಟ್‌ಬೋರ್ಡ್ ಮೋಟಾರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಂದೇ, ಟ್ಯಾಂಕ್ ದೋಣಿಯೊಳಗೆ ಬೇರೆಯಾಗಿ ಇಡುವಂಥದ್ದು. ಮೀನುಗಾರಿಕೆ ನನ್ನ ಕಸುಬಲ್ಲ. ರಜೆಯ ದಿನ ಸುವರ್ಣಾ ಹೊಳೆಯಲ್ಲಿ ಕಾಣೆ ಮೀನಿಗೆ ಗಾಳ ಹಾಕಿ ಕೂರುವ ಹುಚ್ಚು, ಅಷ್ಟೇ. ಮಳೆಗಾಲವಿಡೀ ಮೋಟಾರ್ ಕೊಟ್ಟಿಗೆಯಲ್ಲಿತ್ತು. ಮೊಸರುಕುಡಿಕೆ ಕಳೆದ ಮೇಲೆ ನೀರಿಗಿಳಿಸಿದಂದಿನಿಂದ ಓವರ್‌ಫ್ಲೋ ಶುರುವಾಗಿದೆ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ತೊಳೆದು, ಪೆಟ್ರೋಲ್ ಒಳಬರುವ ತೂತನ್ನು ಮುಚ್ಚುವ ನೀಡಲ್ ಹೊಸದು ಹಾಕಿ, ಐಡ್ಲಿಂಗ್ ಸ್ಕ್ರೂವನ್ನೂ ಅತ್ತಿತ್ತ ತಿರುಗಿಸಿ ಕೊಟ್ಟರು. ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ಅಳಿವೆಯವರೆಗೂ ತಕರಾರಿಲ್ಲ. ಲಂಗರು ಹಾಕಿ ಕೂತು, ಬಿಸಿಲೇರಿದ ಮೇಲೆ ಹೊರಡಲು ನೋಡಿದರೆ ಕವರಿನೊಳಗೆಲ್ಲ ಪೆಟ್ರೋಲ್ ವಾಸನೆ. ಕಾರ್ಬೊರೇಟರಿನ ಬಾಯಿಯಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ, ಹೊಳೆಯ ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲುತ್ತದೆ. ಪ್ಲಗ್ ಪೂರ್ತಿ ತೊಯ್ದಿರುತ್ತದೆ. ಹಗ್ಗ ಎಳೆದೆಳೆದು ತೋಳು ಬಿದ್ದುಹೋಗುತ್ತದೆ. ಕಾರ್ಬೊರೇಟರನ್ನೇ ಬದಲಿಸಬೇಕೇ?

ಮಲ್ಪೆಯಿಂದ:
ಸ್ವಲ್ಪ ನಿಲ್ಲಿ ಮಾರಾಯರೇ, ಅಷ್ಟು ಬೇಗ ದುಡ್ಡು ಸುರಿಯಬೇಡಿ. ಮೊದಲಿಗೆ, ಐಡ್ಲಿಂಗ್ ಸ್ಕ್ರೂ ಈ ಕಾಯಿಲೆಗೆ ಮದ್ದೇ ಅಲ್ಲ. ಅದು ನಿಧಾನ ಓಟದ ಮಿಶ್ರಣವನ್ನು ನೋಡಿಕೊಳ್ಳುತ್ತದೆ, ಅಷ್ಟೇ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲಬೇಕು ಎಂಬುದು ಅದರಲ್ಲಿ ತೇಲುವ ಫ್ಲೋಟ್ ಮತ್ತು ಅದು ತಳ್ಳಿ ಮುಚ್ಚಿಸುವ ನೀಡಲ್‌ನ ಕೈಯಲ್ಲಿದೆ. ಆ ಸ್ಕ್ರೂ ಮೊದಲು ಎಲ್ಲಿತ್ತೋ ಅಲ್ಲಿಗೇ ತಂದಿಡಿ. ಇಲ್ಲವಾದರೆ ಒಂದು ರೋಗದ ಜೊತೆ ಇನ್ನೊಂದನ್ನು ಸಾಕಿದಂತೆ.

ನೀಡಲ್ ಪೂರ್ತಿ ಕೆಟ್ಟಿದ್ದರೆ ಬೆಳಿಗ್ಗೆ ಪೆಟ್ರೋಲ್ ತುಂಬಿಸಲು ಪೈಪಿನ ರಬ್ಬರ್ ಬಲ್ಬ್ ಒತ್ತುವಾಗಲೇ ಪೆಟ್ರೋಲ್ ಉಕ್ಕಬೇಕಿತ್ತು. ನಿಮ್ಮದು ಓಡುವಾಗ ಸರಿ, ನಿಂತಾಗ ಸೋರುತ್ತದೆ, ಅದೂ ಬಿಸಿಲಿನಲ್ಲಿ. ಹಾಗಾಗಿ ಕೇಳುತ್ತೇನೆ: ಲಂಗರು ಹಾಕಿದ ಮೇಲೆ ಟ್ಯಾಂಕ್ ಮುಚ್ಚಳದ ಗಾಳಿ ತಿರುಪನ್ನು ಏನು ಮಾಡುತ್ತೀರಿ? ಪೈಪ್ ಮೋಟಾರಿನಲ್ಲೇ ಸಿಕ್ಕಿರುತ್ತದೆಯೇ? ಮೋಟಾರನ್ನು ಮೇಲಕ್ಕೆತ್ತಿ ಇಡುತ್ತೀರಾ?

ಕೋಡಿಬೆಂಗ್ರೆಯಿಂದ:
ದೊಡ್ಡ ಬೋಟ್ ಪಕ್ಕದಲ್ಲಿ ಹೋದರೆ ನೀರು ಎರಚುತ್ತದೆಂದು ಗಾಳಿ ತಿರುಪನ್ನು ಬಿಗಿ ಮಾಡುತ್ತೇನೆ. ಪೈಪ್ ತೆಗೆಯುವುದಿಲ್ಲ. ಟ್ಯಾಂಕ್ ಮುಂದುಗಡೆ ಬಿಸಿಲಿಗೇ ಇರುತ್ತದೆ. ಮೋಟಾರ್ ಎತ್ತುವುದಿಲ್ಲ.

ಮಲ್ಪೆಯಿಂದ:
ಹಾಗಾದರೆ ಅರ್ಧ ಕಥೆ ಅಲ್ಲೇ ಇದೆ. ಟ್ಯಾಂಕ್ ಕಾದಾಗ ಒಳಗಿನ ಪೆಟ್ರೋಲ್ ಆವಿಯಾಗಿ ಒತ್ತಡ ಏರುತ್ತದೆ. ಗಾಳಿ ತಿರುಪು ಮುಚ್ಚಿದ್ದರೆ ಅದಕ್ಕೆ ಹೊರದಾರಿ ಪೈಪ್ ಒಂದೇ. ಬಲ್ಬ್‌ನೊಳಗಿನ ವಾಲ್ವ್‌ಗಳು, ಮೋಟಾರಿನ ಪೆಟ್ರೋಲ್ ಪಂಪ್‌ನ ವಾಲ್ವ್‌ಗಳು ಎಲ್ಲವೂ ಎಂಜಿನ್ ಕಡೆಗೇ ತೆರೆಯುವಂಥವು. ದಾರಿಯುದ್ದಕ್ಕೂ ತಡೆಯುವವರು ಯಾರೂ ಇಲ್ಲ. ಕೊನೆಗೆ ಆ ಪುಟ್ಟ ನೀಡಲ್ ಒಂದೇ ಎದುರು ನಿಲ್ಲಬೇಕು. ಅದು ಕೊಂಚ ಸೋತರೂ ಬಟ್ಟಲು ತುಂಬಿ, ಬಾಯಿಯಿಂದ ಹೊರಗೆ ಹರಿಯುತ್ತದೆ.

ಮುಂದಿನ ಸಲ ಹೊರಡುವ ಮುನ್ನ ಬಲ್ಬ್ ಹಿಡಿದು ನೋಡಿ. ನೀವು ಒತ್ತದೆಯೇ ಅದು ಕಲ್ಲಿನಂತಾಗಿದ್ದರೆ, ತಿರುಪು ಸಡಿಲಿಸಿದಾಗ ಟ್ಯಾಂಕ್ ಉಸ್ಸೆಂದರೆ, ಬೇರೆ ಸಾಕ್ಷಿ ಬೇಡ. ಆ ಹೊತ್ತಿನಲ್ಲಿ ದೋಣಿಯಲ್ಲಿ ಯಾರ ಬಾಯಲ್ಲೂ ಬೀಡಿ ಇರಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಎಂಜಿನ್ ನಿಲ್ಲಿಸಿದೊಡನೆ ಪೈಪನ್ನು ಮೋಟಾರಿನ ಕಡೆಯಿಂದ ಕಳಚಿ. ಆಮೇಲೆ ತಿರುಪು ಮುಚ್ಚಿಕೊಳ್ಳಿ, ಅಡ್ಡಿಯಿಲ್ಲ. ಟ್ಯಾಂಕ್ ಮೇಲೆ ಒದ್ದೆ ಗೋಣಿಯನ್ನಾದರೂ ಹಾಕಿ. ಓಡಿಸುವಾಗ ಮಾತ್ರ ತಿರುಪು ತೆರೆದೇ ಇರಬೇಕು, ಇಲ್ಲವಾದರೆ ಟ್ಯಾಂಕ್ ಒಳಗೆ ಗಾಳಿ ಹೋಗದೆ ಎಂಜಿನ್ ಉಪವಾಸ ಬೀಳುತ್ತದೆ.

ಉಳ್ಳಾಲದಿಂದ:
ನನಗೆ ಅನುಮಾನ ಪೆಟ್ರೋಲ್ ಮೇಲೆಯೇ. ಈಗ ಬಂಕ್‌ನಲ್ಲಿ ಕೊಡುವುದು ಶೇ. 20 ಎಥೆನಾಲ್ ಬೆರೆಸಿದ್ದು. ಹಳೆಯ ಪೈಪಿನ ಒಳಪದರವನ್ನು ಅದು ಮೆತ್ತಗೆ ಮಾಡಿ ಎಬ್ಬಿಸುತ್ತದೆ, ಆ ಚೂರು ಬಂದು ನೀಡಲ್ ಕೆಳಗೆ ಕೂರುತ್ತದೆ. ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ನಾಲ್ಕು ತಿಂಗಳು ಇಟ್ಟ ಪೆಟ್ರೋಲ್ ಯಾವ ಕೆಲಸಕ್ಕೂ ಬಾರದು.

ಮಲ್ಪೆಯಿಂದ:
ಹಳೆಯ ಪೆಟ್ರೋಲ್ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ಪೈಪಿನ ತುದಿಯನ್ನು ಒಂದಿಷ್ಟು ಕತ್ತರಿಸಿ ಒಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಕಪ್ಪು ಮಸಿ ಅಂಟಿದರೆ ಪೈಪ್ ಹಾಗೂ ಬಲ್ಬ್ ಎರಡೂ ಬದಲಿಸಬೇಕು. ಆದರೆ ಚೂರು ಸಿಕ್ಕಿಕೊಂಡರೆ ಸೋರಿಕೆ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಬೆಳಿಗ್ಗೆಯೂ ಬರುತ್ತದೆ. ಕೆಟ್ಟದ್ದಕ್ಕೆಲ್ಲ ಎಥೆನಾಲ್ ತಲೆಗೆ ಗೂಬೆ ಕೂರಿಸುವುದು ಈಗಿನ ಚಾಳಿ.

ಕೋಡಿಬೆಂಗ್ರೆಯಿಂದ:
ನೀವು ಹೇಳಿದಂತೆಯೇ ಆಯಿತು. ಬಲ್ಬ್ ಗಟ್ಟಿಯಾಗಿತ್ತು, ತಿರುಪು ಬಿಚ್ಚಿದಾಗ ಟ್ಯಾಂಕ್ ಒಳ್ಳೆಯ ನಿಟ್ಟುಸಿರು ಬಿಟ್ಟಿತು. ಪೈಪ್ ಕಳಚಿಟ್ಟರೆ ಈಗ ಮಧ್ಯಾಹ್ನವೂ ಸ್ಟಾರ್ಟ್ ಆಗುತ್ತಿದೆ. ಆದರೆ ಬಲ್ಬ್ ಅನ್ನು ಜೋರಾಗಿ ಒತ್ತಿದರೆ ಇನ್ನೂ ಒಂದೆರಡು ಹನಿ ಬರುತ್ತಿದೆ. ಪೈಪಿನೊಳಗೆ ಮಸಿ ಇಲ್ಲ.

ಮಲ್ಪೆಯಿಂದ:
ಅದು ಉಳಿದರ್ಧ. ಕಾರ್ಬೊರೇಟರನ್ನು ಮನೆಗೆ ತನ್ನಿ, ದೋಣಿಯಲ್ಲಿ ಬಿಚ್ಚಿದರೆ ಫ್ಲೋಟ್ ಪಿನ್ ಹೊಳೆಗೆ ಹೋಗುತ್ತದೆ. ಬಟ್ಟಲಿನ ಪೆಟ್ರೋಲನ್ನು ಡಬ್ಬಿಗೆ ಸುರಿದುಕೊಳ್ಳಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಮುಳುಗುವ ಫ್ಲೋಟ್, ಬಿಸಾಡಿ. ಸರಿಯಿದ್ದರೆ ಕಾರ್ಬೊರೇಟರ್ ಮಗುಚಿ ಹಿಡಿದು, ಫ್ಲೋಟ್ ತನ್ನ ಭಾರಕ್ಕೆ ನೀಡಲ್ ಮೇಲೆ ಕೂರುವಂತೆ ಬಿಡಿ. ಸಾಮಾನ್ಯವಾಗಿ ಅದು ಅಂಚಿಗೆ ಸಮಾನಾಂತರವಾಗಿ ನಿಲ್ಲಬೇಕು. ನಿಮ್ಮ ಮಾದರಿಯ ಅಳತೆ ಮ್ಯಾನುಯಲ್‌ನಲ್ಲಿರುತ್ತದೆ. ಫ್ಲೋಟ್‌ನ ತುದಿ ಕಾರ್ಬೊರೇಟರ್ ಕಡೆಗೆ ಇಳಿದು ಕೂತಿದ್ದರೆ ನೀಡಲ್ ತಡವಾಗಿ ಮುಚ್ಚುತ್ತಿದೆ, ಮಟ್ಟ ಏರುತ್ತಿದೆ ಎಂದರ್ಥ. ಫ್ಲೋಟ್‌ನಲ್ಲಿ ನೀಡಲನ್ನು ತಳ್ಳುವ ಹಿತ್ತಾಳೆಯ ನಾಲಗೆಯಿದ್ದರೆ ಅದನ್ನು ಕೂದಲೆಳೆಯಷ್ಟು ಬಗ್ಗಿಸಿ, ಆದರೆ ನೀಡಲ್ ಮೇಲೆ ಒತ್ತಿ ಹಿಡಿದುಕೊಂಡು ಬಗ್ಗಿಸಬೇಡಿ, ತುದಿಯ ರಬ್ಬರ್ ಗಾಯವಾಗುತ್ತದೆ.

ಮುಖ್ಯವಾದದ್ದು ನೀಡಲ್ ಕೂರುವ ಸೀಟ್. ನೀಡಲ್ ಹೊಸದಾಗಿ, ಸೀಟ್ ಹಳೆಯದಾಗಿ ಉಳಿದರೆ ಏನು ಪ್ರಯೋಜನ? ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಒಳಗೆ ನೋಡಿ.

ಕೋಡಿಬೆಂಗ್ರೆಯಿಂದ:
ಫ್ಲೋಟ್ ಸರಿಯಿದೆ. ಸೀಟ್‌ನ ಅಂಚಿನಲ್ಲಿ ಒಂದು ಕಡೆ ಹಸಿರು ಕಿಲುಬು, ಬಟ್ಟಲಿನ ತಳದಲ್ಲಿ ಬಿಳಿ ಪುಡಿ. ಸ್ಯಾಂಡ್‌ಪೇಪರ್ ಹಾಕಲೇ?

ಮಲ್ಪೆಯಿಂದ:
ಖಂಡಿತ ಬೇಡ, ತಂತಿಯನ್ನೂ ತೂರಿಸಬೇಡಿ. ಪೆಟ್ರೋಲ್‌ನಲ್ಲಿ ನೀರು ಸೇರಿ ಬಟ್ಟಲಿನಲ್ಲೇ ಕೂತದ್ದರ ಗುರುತು ಅದು. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಶ್ ಒಂದು ಚೂರು ಹಚ್ಚಿ, ಸೀಟ್‌ನೊಳಗೆ ಬೆರಳಿನಲ್ಲೇ ನಿಧಾನ ತಿರುಗಿಸಿ. ಅಂಚು ಹೊಳೆದ ಮೇಲೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಪಾಲಿಶ್‌ನ ಹೆಸರೂ ಉಳಿಯದಂತೆ ತೊಳೆಯಿರಿ. ಫ್ಲೋಟ್ ಜೋಡಿಸಿ, ಪೆಟ್ರೋಲ್ ಒಳಬರುವ ಮೂತಿಗೆ ಶುಭ್ರವಾದ ಪೈಪಿನ ತುಂಡು ಸಿಕ್ಕಿಸಿ ಊದಿ: ನೆಟ್ಟಗಿದ್ದಾಗ ಗಾಳಿ ಹೋಗಬೇಕು, ಮಗುಚಿದಾಗ ಚೂರೂ ಹೋಗಬಾರದು. ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಪಾಲಿಶ್ ಕೆಲಸ ಮಾಡದು, ಸೀಟ್ ಬದಲಿಸಬೇಕು. ಕೆಲವು ಮಾದರಿಗಳಲ್ಲಿ ಸೀಟ್ ಬಿಚ್ಚಲು ಬರುವುದಿಲ್ಲ. ಆಗ ಮಾತ್ರ ಹೊಸ ಕಾರ್ಬೊರೇಟರ್ ಮಾತು.

ಕೋಡಿಬೆಂಗ್ರೆಯಿಂದ:
ಗುಳಿ ಇರಲಿಲ್ಲ, ಕಿಲುಬು ಹೋಯಿತು. ಮಗುಚಿ ಊದಿದರೆ ಗಾಳಿ ಕದಲುವುದಿಲ್ಲ. ಬಲ್ಬ್ ಗಟ್ಟಿಯಾಗುವಷ್ಟು ಒತ್ತಿ ಕಾದೆ, ಹನಿ ಇಲ್ಲ. ಇನ್ನೊಂದು ಪ್ರಶ್ನೆ: ಮುಂದೆಂದಾದರೂ ನೀರಿನ ನಡುವೆ ಹೀಗೆ ತುಂಬಿಕೊಂಡರೆ ಏನು ಮಾಡುವುದು?

ಮಲ್ಪೆಯಿಂದ:
ಪೈಪ್ ಕಳಚಿ, ಗಾಳಿ ಕಡಿಮೆ ಮಾಡುವ ಚೋಕ್ ಗುಂಡಿಯನ್ನು ಒಳಗೆ ತಳ್ಳಿ, ಕವರ್ ತೆಗೆದು ಆವಿ ಹಾರಿಹೋಗಲು ಬಿಡಿ. ಸ್ಟಾಪ್ ಸ್ವಿಚ್‌ನ ಹಗ್ಗ ಎಳೆದಿಟ್ಟು ಪ್ಲಗ್ ಬಿಚ್ಚಿ. ಪ್ಲಗ್ ವೈರ್‌ಗಳನ್ನು ಎಂಜಿನ್‌ಗೆ ಅರ್ತ್ ಮಾಡಿದ ಮೇಲೆಯೇ ಸ್ಟಾರ್ಟ್ ಮಾಡುವ ಹಗ್ಗ ಎಳೆಯಬೇಕು, ಪ್ಲಗ್ ತೂತಿನಿಂದ ಚಿಮ್ಮುವ ಪೆಟ್ರೋಲಿಗೆ ಕಿಡಿ ತಾಗಬಾರದು. ಪ್ಲಗ್ ಒರೆಸಿ ಹಾಕಿ, ವೈರ್ ಮತ್ತು ಸ್ಟಾಪ್ ಸ್ವಿಚ್‌ನ ಹಗ್ಗ ಮರಳಿ ಸಿಕ್ಕಿಸಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಪ್ಲಗ್ ಇರುವಾಗ ಹಗ್ಗ ಅಲ್ಲಾಡದೆ ನಿಂತರೆ ಬಲ ಹಾಕಬೇಡಿ, ಸಿಲಿಂಡರ್ ತುಂಬಿರುತ್ತದೆ.

ಹಂಗಾರಕಟ್ಟೆಯಿಂದ:
ನನ್ನದು ನಾಲ್ಕು ಸ್ಟ್ರೋಕ್. ಇದೇ ಲಕ್ಷಣ. ಇದೇ ಉಪಾಯ ಸಾಕೇ?

ಮಲ್ಪೆಯಿಂದ:
ಸಾಲದು ಅಣ್ಣ. ನಿಮ್ಮದರಲ್ಲಿ ಉಕ್ಕಿದ ಪೆಟ್ರೋಲ್ ಸಿಲಿಂಡರ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಮಟ್ಟ ಗುರುತಿಗಿಂತ ಮೇಲೇರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಸೋರಿಕೆ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಹಗ್ಗಕ್ಕೆ ಕೈ ಹಾಕಬೇಡಿ.