14 ಮಿ.ಮೀ. ಮ್ಯಾನ್ಯುವಲ್ ಲೆನ್ಸ್: ಡಿಸ್ಟಾರ್ಷನ್ ಸ್ಲೈಡರ್ ಎಷ್ಟು ಎಳೆದರೂ ಗೆರೆ ನೇರವಾಗುತ್ತಿಲ್ಲ

ಕೋನಮಾಪಕ:
ಫುಲ್ ಫ್ರೇಮ್ ಕ್ಯಾಮೆರಾ, ಕ್ಯಾಮೆರಾಗೆ ತನ್ನ ಮಾಹಿತಿ ಕಳಿಸುವ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇಲ್ಲದ 14 ಮಿ.ಮೀ. ಲೆನ್ಸ್. ಫೋಟೋ ತಿದ್ದುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್‌ನ ಲೆನ್ಸ್ ಕರೆಕ್ಷನ್ ಪಟ್ಟಿಯಲ್ಲಿ ಈ ಮಾಡೆಲ್ ಇಲ್ಲ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ರಾಥೆರಪಿಯಲ್ಲಿ ಡಿಸ್ಟಾರ್ಷನ್ (ನೇರ ಗೆರೆ ಬಾಗುವ ದೋಷ) ಸ್ಲೈಡರ್ ಬಳಸಿದರೆ, ಕಟ್ಟಡದ ಸೂರಂಚಿನ ಗೆರೆ ಮಧ್ಯದಲ್ಲಿ ನೇರವಾದಾಗ ಎರಡು ತುದಿಗಳು ಮೇಲಕ್ಕೆ ಏಳುತ್ತವೆ. ತುದಿ ಸರಿ ಮಾಡಲು ಹೋದರೆ ಮಧ್ಯ ಉಬ್ಬುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸುವ ದಾರಿ ಇದೆಯೇ?

ಗಾಜುಗಣ್ಣು:
ನೀವು ಹೇಳುತ್ತಿರುವುದು ಮೀಸೆ ಆಕಾರದ ಡಿಸ್ಟಾರ್ಷನ್. ಫ್ರೇಮಿನ ನಡುಭಾಗದಲ್ಲಿ ಬ್ಯಾರೆಲ್ (ಗೆರೆ ಹೊರಕ್ಕೆ ಉಬ್ಬುವುದು), ಮೂಲೆಗಳತ್ತ ಹೋದಂತೆ ಪಿನ್‌ಕುಶನ್ (ತುದಿಗಳು ಹೊರಕ್ಕೆ ಎಳೆದಂತಾಗುವುದು). ಅತಿ ಅಗಲ ಕೋನದ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಒಂದೇ ಸ್ಲೈಡರ್ ಇರುವ ಟೂಲ್ ಇಡೀ ಚಿತ್ರವನ್ನು ಒಂದೇ ದಿಕ್ಕಿಗೆ, ಒಳಕ್ಕೋ ಹೊರಕ್ಕೋ, ಎಳೆಯುತ್ತದೆ. ಹಾಗಾಗಿ ನಿಮ್ಮ ಲೆನ್ಸ್‌ಗೆ ಅದರಲ್ಲಿ ಸರಿಯಾದ ಸ್ಥಾನವೇ ಸಿಗುವುದಿಲ್ಲ, ಹುಡುಕುತ್ತಾ ಕೂರಬೇಡಿ. ಮೂರು ಗುಣಾಂಕಗಳಿರುವ ಮಾಡೆಲ್ ಬೇಕು. ಡಾರ್ಕ್‌ಟೇಬಲ್ ಬಳಸುವ ಲೆನ್ಸ್ ಪ್ರೊಫೈಲ್‌ಗಳ ಸಂಗ್ರಹವಾದ ಲೆನ್ಸ್‌ಫನ್ ಡೇಟಾಬೇಸ್‌ನಲ್ಲಿ ಪಿಟಿಲೆನ್ಸ್ ಎಂಬ ಹೆಸರಿನಲ್ಲಿರುವುದು ಅದೇ.

ಮೊದಲು ಲೆನ್ಸ್‌ಫನ್ ಡೇಟಾ ಅಪ್‌ಡೇಟ್ ಮಾಡಿ ನೋಡಿ. ಎಷ್ಟೋ ಸಲ ಪ್ರೊಫೈಲ್ ಬಂದಿರುತ್ತದೆ, ನಮ್ಮ ಕಂಪ್ಯೂಟರ್‌ನಲ್ಲಿ ಹಳೆಯ ಪಟ್ಟಿ ಉಳಿದಿರುತ್ತದೆ. ಅದೇ ಲೆನ್ಸ್ ಬೇರೆ ಬ್ರ್ಯಾಂಡಿನ ಹೆಸರಿನಲ್ಲಿಯೂ ಮಾರಾಟವಾಗುತ್ತಿದ್ದರೆ ಆ ಹೆಸರಿನಲ್ಲೂ ಹುಡುಕಿ.

ಸೂತ್ರರೇಖೆ:
ಅಪ್‌ಡೇಟ್ ಮಾಡಿದ ಮೇಲೂ ಸಿಗದಿದ್ದರೆ ಪನೋರಮಾ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್‌ನಲ್ಲಿ ನೀವೇ ಅಳೆದುಕೊಳ್ಳಬಹುದು. ಪ್ರೈಮ್ (ಒಂದೇ ಫೋಕಲ್ ಲೆಂತ್‌ನ) ಲೆನ್ಸ್ ಆದ್ದರಿಂದ ಒಂದು ಸಲ ಅಳೆದರೆ ಸಾಕು. ಜೂಮ್ ಆಗಿದ್ದರೆ ಹಲವು ಫೋಕಲ್ ಲೆಂತ್‌ಗಳಲ್ಲಿ ಬೇರೆಬೇರೆಯಾಗಿ ಅಳೆಯಬೇಕಿತ್ತು.

ಫೋಟೋ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಉದ್ದನೆಯ, ನಿಜಕ್ಕೂ ನೇರವಾದ ಅಂಚುಗಳಿರುವ ಆಧುನಿಕ ಕಟ್ಟಡವನ್ನು ದೂರದಿಂದ, ಎಫ್/8ರಲ್ಲಿ ತೆಗೆಯಿರಿ. ಹತ್ತಿರದ ಗೋಡೆ ಬೇಡ: ಫೋಕಸ್ ದೂರ ಬದಲಾದರೆ ಡಿಸ್ಟಾರ್ಷನ್ ಸಹ ಸ್ವಲ್ಪ ಬದಲಾಗುತ್ತದೆ, ಲೆನ್ಸ್‌ಫನ್ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಗೆರೆ ಫ್ರೇಮಿನ ಉದ್ದದ ಅಂಚಿಗೆ ಹತ್ತಿರ, ಈ ಮೂಲೆಯಿಂದ ಆ ಮೂಲೆಯವರೆಗೆ ಹೋಗಬೇಕು. ಇನ್ನೊಂದು ಗೆರೆ ಆ ಅಂಚಿಗೂ ಮಧ್ಯಕ್ಕೂ ನಡುವೆ ಇರಲಿ. ಸರಿಯಾಗಿ ಕೇಂದ್ರದ ಮೂಲಕ ಹಾಯುವ ಗೆರೆಯಿಂದ ಏನೂ ಉಪಯೋಗವಿಲ್ಲ, ಏಕೆಂದರೆ ಈ ಡಿಸ್ಟಾರ್ಷನ್ ಕೇಂದ್ರದ ಕಡೆಗೋ ಕೇಂದ್ರದಿಂದ ಹೊರಕ್ಕೋ ಮಾತ್ರ ಎಳೆಯುತ್ತದೆ. ಕೇಂದ್ರದ ಗೆರೆ ಎಂದೂ ಬಾಗುವುದಿಲ್ಲ.

ರಾ ಫೈಲನ್ನು ಲೆನ್ಸ್ ಕರೆಕ್ಷನ್, ಪರ್ಸ್ಪೆಕ್ಟಿವ್, ರೊಟೇಷನ್, ಕ್ರಾಪ್ ಯಾವುದೂ ಇಲ್ಲದೆ ಟಿಫ್ ಮಾಡಿ. ಹ್ಯೂಗಿನ್ ಕೇಳಿದಾಗ ಫೋಕಲ್ ಲೆಂತ್ 14, ಕ್ರಾಪ್ ಫ್ಯಾಕ್ಟರ್ (ಸೆನ್ಸರ್ ಅಳತೆಯ ಅಂಕಿ) 1 ಎಂದು ಕೊಡಿ. ಕಂಟ್ರೋಲ್ ಪಾಯಿಂಟ್ ಟ್ಯಾಬ್‌ನಲ್ಲಿ ಎಡಕ್ಕೂ ಬಲಕ್ಕೂ ಅದೇ ಚಿತ್ರ ಇಟ್ಟು, ಹೊಸ ಗೆರೆ ಸೇರಿಸುವ ಮೋಡ್ ಆರಿಸಿ, ಗೆರೆಯುದ್ದಕ್ಕೂ 10–20 ಬಿಂದು ಗುರುತಿಸಿ. ಎರಡನೇ ಗೆರೆಗೆ ಮತ್ತೆ ಹೊಸ ಗೆರೆ ಎಂದೇ ಆರಿಸಬೇಕು. ಮರೆತರೆ ಎರಡನ್ನೂ ಒಂದೇ ಗೆರೆ ಎಂದುಕೊಂಡು ಫಲಿತಾಂಶ ಪೂರಾ ಕೆಡುತ್ತದೆ. ಪನೋರಮಾ ಪ್ರೊಜೆಕ್ಷನ್ ರೆಕ್ಟಿಲಿನಿಯರ್ (ನೇರ ಗೆರೆಯನ್ನು ನೇರವಾಗಿಯೇ ಇಡುವಂಥದ್ದು) ಇರಲಿ. ಆಪ್ಟಿಮೈಸ್ ಮಾಡುವಾಗ ಎ, ಬಿ, ಸಿ ಎಂಬ ಮೂರು ಗುಣಾಂಕಗಳನ್ನೂ ಲೆಕ್ಕಕ್ಕೆ ಸೇರಿಸಿ. ಸರಳ ಬ್ಯಾರೆಲ್‌ಗೆ ಬಿ ಒಂದೇ ಸಾಕಾಗುತ್ತದೆ, ಮೀಸೆಗೆ ಸಾಲದು. ಬಂದ ಅಂಕಿಗಳು 0.1ಕ್ಕಿಂತ ಬಹಳ ದೊಡ್ಡದಾಗಿದ್ದರೆ ನಂಬಬೇಡಿ. ಯಾವುದೋ ಬಿಂದು ಗೆರೆ ಬಿಟ್ಟು ಬೇರೆಡೆ ಕೂತಿರುತ್ತದೆ, ಇಲ್ಲವೇ ಕಟ್ಟಡದ ಅಂಚೇ ನೇರವಿರುವುದಿಲ್ಲ.

ಈ ಮೂರು ಅಂಕಿಗಳನ್ನು ಹಾಗೆಯೇ ಲೆನ್ಸ್‌ಫನ್‌ಗೆ ಕೊಡಬಹುದು, ಎರಡರ ಸೂತ್ರವೂ ಒಂದೇ. ಡೇಟಾಬೇಸ್‌ನ ಯಾವುದಾದರೂ ಎಕ್ಸ್‌ಎಂಎಲ್ ಫೈಲಿನಿಂದ ಒಂದು ಲೆನ್ಸ್ ನಮೂದನ್ನು ನಕಲಿಸಿ, ಹೆಸರು, ಮೌಂಟ್, ಕ್ರಾಪ್ ಫ್ಯಾಕ್ಟರ್, ಫೋಕಲ್ ಲೆಂತ್, ಎ, ಬಿ, ಸಿ ಬದಲಿಸಿ. ಆ ನಮೂದಿನಲ್ಲಿದ್ದ ಹಳೆಯ ವಿನ್ಯೆಟಿಂಗ್ (ಮೂಲೆ ಕಪ್ಪಾಗುವಿಕೆ) ಮತ್ತು ಟಿಸಿಎ (ಅಂಚಿನ ಬಣ್ಣದ ಗೆರೆ) ಸಾಲುಗಳನ್ನು ಅಳಿಸಲೇಬೇಕು, ಅವು ಬೇರೆ ಲೆನ್ಸಿನವು. ಲಿನಕ್ಸ್‌ನಲ್ಲಿ ಈ ಫೈಲನ್ನು ಹೋಮ್ ಫೋಲ್ಡರ್‌ನ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಲೆನ್ಸ್‌ಫನ್ ಫೋಲ್ಡರ್‌ನಲ್ಲಿಟ್ಟು ಡಾರ್ಕ್‌ಟೇಬಲ್ ಮತ್ತೆ ತೆರೆಯಿರಿ. ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗಿನ ಮಾಹಿತಿಯಲ್ಲಿ) ಲೆನ್ಸ್ ಹೆಸರಿಲ್ಲದ ಕಾರಣ ಲೆನ್ಸ್ ಕರೆಕ್ಷನ್ ಮಾಡ್ಯೂಲ್‌ನಲ್ಲಿ ಲೆನ್ಸನ್ನೂ 14 ಮಿ.ಮೀ.ಯನ್ನೂ ಕೈಯಾರೆ ಆರಿಸಿ, ಪ್ರಿಸೆಟ್ ಆಗಿ ಉಳಿಸಿಕೊಳ್ಳಿ.

ಕೋನಮಾಪಕ:
ಮಾಡಿದೆ, ಗೆರೆಗಳು ನೇರವಾದವು. ತುಂಬಾ ಧನ್ಯವಾದ. ಇನ್ನೆರಡು ಪ್ರಶ್ನೆ: ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುವುದನ್ನು ಇದಕ್ಕೆ ಮೊದಲು ಸರಿಪಡಿಸಬೇಕೇ, ಆಮೇಲೆಯೇ? ಗ್ರೂಪ್ ಫೋಟೋದಲ್ಲಿ ಅಂಚಿನವರ ಮುಖ ಈಗಲೂ ಹಿಗ್ಗಿದೆ, ಪ್ರೊಫೈಲ್ ತಪ್ಪಿದೆಯೇ?

ಗಾಜುಗಣ್ಣು:
ಡಿಸ್ಟಾರ್ಷನ್ ಮೊದಲು, ಪರ್ಸ್ಪೆಕ್ಟಿವ್ ಆಮೇಲೆ, ಕ್ರಾಪ್ ಕೊನೆಗೆ. ಡಾರ್ಕ್‌ಟೇಬಲ್ ಒಳಗೆ ಈ ಕ್ರಮ ಮೊದಲೇ ಇದೆ, ನೀವು ಬದಲಿಸದಿದ್ದರೆ ಸಾಕು. ಆದರೆ ರೊಟೇಟ್ ಮತ್ತು ಪರ್ಸ್ಪೆಕ್ಟಿವ್ ಮಾಡ್ಯೂಲ್ ಗೆರೆಗಳನ್ನು ತಾನೇ ಹುಡುಕುವಾಗ ಲೆನ್ಸ್ ಕರೆಕ್ಷನ್ ಆನ್ ಇರಲೇಬೇಕು. ಇಲ್ಲದಿದ್ದರೆ ಬಾಗಿದ ಅಂಚನ್ನು ಅದು ಬೇರೆಬೇರೆ ಓರೆಯ ತುಂಡುಗಳಾಗಿ ಓದಿ ತಪ್ಪು ಕೋನ ಕೊಡುತ್ತದೆ. ಟಿಫ್ ಮಾಡಿ ಬೇರೆ ಸಾಫ್ಟ್‌ವೇರ್‌ನಲ್ಲಿ ಡಿಸ್ಟಾರ್ಷನ್ ತೆಗೆಯುವವರು ಮೊದಲು ಕ್ರಾಪ್ ಮಾಡಲೇಬಾರದು. ಚಿತ್ರದ ಕೇಂದ್ರ ಲೆನ್ಸಿನ ಕೇಂದ್ರದಿಂದ ಸರಿದುಹೋಗುತ್ತದೆ.

ಪ್ರೊಫೈಲ್ ತಪ್ಪಿಲ್ಲ. ನೇರ ಗೆರೆಯನ್ನು ನೇರವಾಗಿಯೇ ಇಟ್ಟುಕೊಂಡು ಅಷ್ಟು ಅಗಲದ ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸಿದಾಗ ಅಂಚಿನಲ್ಲಿರುವ ದುಂಡನೆಯ ವಸ್ತು ಹಿಗ್ಗಲೇಬೇಕು. ದೋಷವೇ ಇಲ್ಲದ ಲೆನ್ಸ್‌ನಲ್ಲೂ ಹೀಗೇ ಆಗುತ್ತದೆ. ಆ ಫೋಟೋದಲ್ಲಿ ನೇರ ಗೆರೆಗಳು ಮುಖ್ಯವಲ್ಲದಿದ್ದರೆ ಹ್ಯೂಗಿನ್‌ನಲ್ಲಿ ಪ್ರೊಜೆಕ್ಷನ್ ಬದಲಿಸಿ ನೋಡಿ. ಸಿಲಿಂಡ್ರಿಕಲ್‌ನಲ್ಲಿ ಎಡಬಲದ ಮುಖಗಳು ಅಗಲವಾಗುವುದು ನಿಲ್ಲುತ್ತದೆ, ಬದಲಿಗೆ ಅಡ್ಡಗೆರೆಗಳು ಬಾಗುತ್ತವೆ.

ಸೂತ್ರರೇಖೆ:
ಒಂದು ಸೇರಿಸುತ್ತೇನೆ. ತಿದ್ದಿದ ಮೇಲೆ ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಲೆನ್ಸ್ ಕರೆಕ್ಷನ್ ಮಾಡ್ಯೂಲ್‌ನ ಸ್ಕೇಲ್ ಪಕ್ಕದ ಬಟನ್ ಒತ್ತಿ, ಅದು ತಾನಾಗಿ ಹಿಗ್ಗಿಸಿ ತುಂಬುತ್ತದೆ. ಹಿಗ್ಗಿದಷ್ಟೂ ಮೂಲೆಯ ವಿವರ ಮೆತ್ತಗಾಗುತ್ತದೆ, ಜೊತೆಗೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ. ಆದ್ದರಿಂದ 14 ಮಿ.ಮೀ.ಯಲ್ಲಿ ಕಟ್ಟಡ ತೆಗೆಯುವಾಗ ಸುತ್ತ ಒಂದಿಷ್ಟು ಜಾಗ ಬಿಟ್ಟೇ ಫ್ರೇಮ್ ಮಾಡಿ, ಪರ್ಸ್ಪೆಕ್ಟಿವ್ ತಿದ್ದುವವರಿಗಂತೂ ಇನ್ನೂ ಹೆಚ್ಚು ಬೇಕು.