ಕಾಫಿ ತೋಟದ ಆದಾಯ, ಐಟಿ ರಿಟರ್ನ್, ಮಗಳ ಕಾಲೇಜಿಗೆ ನೆರವು: ಯಾವ ಕಾಗದ ಯಾವಾಗ ಮಾಡಿಸಬೇಕು?

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ಮಗಳು ಈಗ ಎರಡನೇ ಪಿಯುಸಿ. ಏಪ್ರಿಲ್‌ನಲ್ಲಿ ಸಿಇಟಿ ಬರೆಯುತ್ತಾಳೆ. ಚೆನ್ನಾಗಿ ಓದುತ್ತಾಳೆ, ಇಂಜಿನಿಯರಿಂಗ್ ಅಂತ ಆಸೆ ಇದೆ. ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಬಡ್ಡಿ ರಿಯಾಯಿತಿ ಎಲ್ಲಕ್ಕೂ ಅರ್ಜಿ ಹಾಕಬೇಕು ಅಂದುಕೊಂಡಿದ್ದೇವೆ. ಆದರೆ ಒಬ್ಬೊಬ್ಬರು ಒಂದೊಂದು ಕಾಗದ ಕೇಳುತ್ತಾರೆ. ಬ್ಯಾಂಕಿನವರು ಎರಡು ವರ್ಷದ ಐಟಿ ರಿಟರ್ನ್ ತನ್ನಿ ಅಂದರು. ಪರಿಚಯದವರೊಬ್ಬರು ಅದೆಲ್ಲ ಬೇಡ, ತಹಶೀಲ್ದಾರ್ ಕೊಡುವ ಆದಾಯ ಪ್ರಮಾಣಪತ್ರ ಒಂದಿದ್ದರೆ ಸಾಕು ಅಂದರು. ಇನ್ನೊಬ್ಬರು ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ಎಲ್ಲೂ ತೋರಿಸಬೇಡಿ ಅಂತಾರೆ.

ನಮ್ಮ ವಿಷಯ ಹೀಗಿದೆ. ಪಾಲಿಗೆ ಬಂದ ಆರು ಎಕರೆ ರೊಬಸ್ಟಾ, ಮಧ್ಯೆ ಕರಿಮೆಣಸು. ಜಾಗ ಜಮ್ಮಾ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ), ಪಹಣಿಯಲ್ಲಿ ಈಗಲೂ ಅಜ್ಜನ ಹೆಸರು ಮತ್ತು ಅವರ ಅಣ್ಣತಮ್ಮಂದಿರ ಹೆಸರು. ಎರಡು ರೂಮಿನ ಹೋಂಸ್ಟೇ ಇದೆ, ರಜೆಯಲ್ಲಿ ಮಾತ್ರ ಜನ ಬರುತ್ತಾರೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ನಾನು ಇಲ್ಲಿಯವರೆಗೆ ರಿಟರ್ನ್ ಹಾಕಿಲ್ಲ, ತೆರಿಗೆ ಕಟ್ಟುವಷ್ಟು ಬೇರೆ ಆದಾಯ ಇರಲಿಲ್ಲ. ಈಗ ಕೊಯ್ಲು ನಡೆಯುತ್ತಿದೆ, ಮಾರ್ಚ್ ಮುಗಿಯುವವರೆಗೆ ಮಡಿಕೇರಿಗೆ ಓಡಾಡಲು ಆಗುವುದಿಲ್ಲ. ಜೂನ್ ಬಂದರೆ ಮಳೆ, ನಮ್ಮ ಕಡೆ ಕರೆಂಟೂ ಇಲ್ಲ, ಟವರೂ ಇಲ್ಲ. ಅಷ್ಟರೊಳಗೆ ಯಾವುದನ್ನು ಮೊದಲು ಮಾಡಲಿ? ಇದನ್ನು ಮಾಡಿದವರು ದಯವಿಟ್ಟು ತಿಳಿಸಿ.

ಲೆಕ್ಕದ_ಮನೆ_ಮಡಿಕೇರಿ

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಪ್ರತಿ ವರ್ಷ ಜುಲೈನಲ್ಲಿ ಇದೇ ಪ್ರಶ್ನೆ ಬರುತ್ತದೆ. ನೀವು ಫೆಬ್ರವರಿಯಲ್ಲೇ ಕೇಳಿದ್ದೀರಿ, ಸಮಯ ಬೇಕಾದಷ್ಟಿದೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ತೆರಿಗೆ ಇಲ್ಲ ಅನ್ನುವುದು ಬೇರೆ, ಆದಾಯ ಇಲ್ಲ ಅನ್ನುವುದು ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(1) ಪ್ರಕಾರ ಕೃಷಿ ಆದಾಯಕ್ಕೆ ಕೇಂದ್ರ ತೆರಿಗೆ ಇಲ್ಲ, ಸರಿ. ಆದರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿಗೆ ಕೇಳುವುದು ಕುಟುಂಬದ ಒಟ್ಟು ಆದಾಯ. ಅದರಲ್ಲಿ ಕಾಫಿ, ಮೆಣಸು, ಹೋಂಸ್ಟೇ, ನಿಮ್ಮ ಮನೆಯವರ ಸಂಬಳ ಎಲ್ಲ ಸೇರುತ್ತದೆ. ಎಲ್ಲೂ ತೋರಿಸಬೇಡಿ ಅಂದವರ ಮಾತು ಕೇಳಬೇಡಿ.

ಕಾಫಿಯಲ್ಲಿ ಒಂದು ಸೂಕ್ಷ್ಮ ಇದೆ. ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಕಣದಲ್ಲಿ ಒಣಗಿಸಿ ಹಾಗೇ ವ್ಯಾಪಾರಿಗೆ ಕೊಟ್ಟರೆ ಅದು ಪೂರ್ತಿ ಕೃಷಿ ಆದಾಯ. ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಪಾರ್ಚ್‌ಮೆಂಟ್ (ಒಳಹೊಟ್ಟು ಇರುವ ಬೀಜ) ಕೊಟ್ಟರೂ ಹಾಗೇ. ಯಾಕೆಂದರೆ ಕ್ಯೂರಿಂಗ್ (ಹೊಟ್ಟು ತೆಗೆದು ಬೇಳೆ ಮಾಡುವ ಕೆಲಸ) ಅಂದರೆ ಏನು ಅನ್ನುವುದಕ್ಕೆ ತೆರಿಗೆ ನಿಯಮ 1942ರ ಕಾಫಿ ಕಾಯ್ದೆಯ ಅರ್ಥವನ್ನೇ ತೆಗೆದುಕೊಂಡಿದೆ, ಅದರಲ್ಲಿ ಪಲ್ಪಿಂಗ್ ಬರುವುದಿಲ್ಲ. ನೀವೇ ಕ್ಯೂರಿಂಗ್ ಮಾಡಿಸಿ ಬೇಳೆ ಮಾರಿದರೆ ನಿಯಮ 7ಬಿ ಪ್ರಕಾರ ಆ ಆದಾಯದ ಶೇ 25 ತೆರಿಗೆಗೆ ಒಳಪಡುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಹೋಂಸ್ಟೇಗೆ ಬಂದವರಿಗೆ ಮನೆಯದೇ ಕಾಫಿಪುಡಿ ಪ್ಯಾಕೆಟ್ ಮಾಡಿ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಇದನ್ನು ಗಮನಿಸಬೇಕು. ಆ ಪುಡಿಯ ಲೆಕ್ಕ ಬೇರೆ ಬರೆದಿಡಿ. ಮೆಣಸು ಒಣಗಿಸಿ ಮಾರುವುದು ಕೃಷಿ ಆದಾಯವೇ.

ಹೋಂಸ್ಟೇ ಮಾತ್ರ ಕೃಷಿ ಅಲ್ಲ, ತೋಟದ ಒಳಗೇ ಇದ್ದರೂ ಅಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರ ಆರ್ಥಿಕ ವರ್ಷಕ್ಕೆ ವಿನಾಯಿತಿ ಮಿತಿ 4 ಲಕ್ಷ. ಹೋಂಸ್ಟೇ ಮತ್ತು ಬ್ಯಾಂಕ್ ಬಡ್ಡಿ ಸೇರಿ ಅದರೊಳಗೆ ಇದ್ದರೆ ತೋಟದ ಆದಾಯ ಎಷ್ಟಿದ್ದರೂ ತೆರಿಗೆ ಬರುವುದಿಲ್ಲ. ಮಿತಿ ದಾಟಿದಾಗ ಮಾತ್ರ ದರ ಲೆಕ್ಕ ಹಾಕಲು ಕೃಷಿ ಆದಾಯವನ್ನು ಕೂಡಿಸುತ್ತಾರೆ.

ಫಾರ್ಮ್ ವಿಷಯಕ್ಕೆ ಬಂದರೆ, ಕೃಷಿ ಆದಾಯ 5,000 ದಾಟಿದರೆ ಸುಲಭದ ಐಟಿಆರ್-1, ಐಟಿಆರ್-4 ಎರಡೂ ಆಗುವುದಿಲ್ಲ. ಹೋಂಸ್ಟೇಯನ್ನು ವ್ಯವಹಾರ ಅಂತ ತೋರಿಸಿದರೆ ನಿಮಗೆ ಐಟಿಆರ್-3. ಅದರಲ್ಲಿ ವಿನಾಯಿತಿ ಆದಾಯದ ಪಟ್ಟಿ ಇದೆ. ತೋಟದಿಂದ ಬಂದ ಒಟ್ಟು ಹಣ, ಖರ್ಚು, ಉಳಿದದ್ದು ಅಂತ ಬೇರೆ ಬೇರೆ ಕೇಳುತ್ತಾರೆ. ಉಳಿದದ್ದು 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಜಾಗದ ಅಳತೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆ ಆಶ್ರಯವೋ ಎಲ್ಲ ತುಂಬಬೇಕು. ಹಾಗಾಗಿ ಕೊಯ್ಲಿನ ಕೂಲಿ, ಗೊಬ್ಬರ, ಸ್ಪ್ರಿಂಕ್ಲರ್ ಡೀಸೆಲ್, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ) ಖರ್ಚು ಎಲ್ಲವನ್ನೂ ಈಗಿನಿಂದಲೇ ಒಂದು ಪುಸ್ತಕದಲ್ಲಿ ಬರೆಯಿರಿ. ಕೆಲಸದವರ ಹಾಜರಿ ಪುಸ್ತಕ ಹೇಗೂ ಇರುತ್ತದಲ್ವಾ, ಅದರ ಪಕ್ಕದಲ್ಲೇ ಬರೆದರೂ ಸಾಕು.

ಇನ್ನೊಂದು ಮುಖ್ಯ ಮಾತು. ಚೆರ್ರಿ ಮಾರುವಾಗ ಬಿಲ್ಲು ನಿಮ್ಮ ಹೆಸರಿನಲ್ಲೇ ಬರಲಿ. ಹಣ ನಿಮ್ಮ ಖಾತೆಗೇ ಬರಲಿ. ಅಣ್ಣನ ಹೆಸರಿನಲ್ಲಿ ಮೂರು ಪಾಲಿನ ಚೀಲವನ್ನು ಒಟ್ಟಿಗೆ ತೂಗಿಸಿ ಆಮೇಲೆ ಮನೆಯಲ್ಲಿ ಹಂಚಿಕೊಂಡರೆ, ಕಾಗದದ ಮೇಲೆ ಅಷ್ಟೂ ಅವರ ಆದಾಯ, ನಿಮ್ಮದು ಸೊನ್ನೆ. ಇದು ಇಬ್ಬರ ಮಕ್ಕಳಿಗೂ ತೊಂದರೆ.

ರಿಟರ್ನ್‌ಗೆ ಸಾಮಾನ್ಯ ಗಡುವು ಜುಲೈ 31, ವ್ಯವಹಾರದ ಐಟಿಆರ್-3ಕ್ಕೆ ಈ ವರ್ಷದ ಗಡುವು ಯಾವಾಗ ಅಂತ ನೋಡಿಕೊಳ್ಳಿ. 2025ರಲ್ಲಿ ಸೆಪ್ಟೆಂಬರ್‌ವರೆಗೆ ಮುಂದೂಡಿದ್ದರು, ಅದನ್ನು ನಂಬಿ ಕೂರಬೇಡಿ. ಹಾಕಿದ ಮೇಲೆ 30 ದಿನದೊಳಗೆ ಇ-ವೆರಿಫೈ (ಆನ್‌ಲೈನಿನಲ್ಲಿ ದೃಢೀಕರಣ) ಮಾಡಲೇಬೇಕು, ಇಲ್ಲದಿದ್ದರೆ ಹಾಕಿದ ರಿಟರ್ನ್ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ನಮ್ಮವರು ಎಡವುವುದು ಇಲ್ಲೇ. ಆಧಾರ್ ಒಟಿಪಿ ಬರುವ ಫೋನಿಗೆ ಸಿಗ್ನಲ್ ಇರುವ ಜಾಗದಲ್ಲಿ ಕೂತೇ ರಿಟರ್ನ್ ಹಾಕಿಸಿ, ಅಲ್ಲೇ ವೆರಿಫೈ ಮುಗಿಸಿ. ಒಟಿಪಿ ಬರಲೇ ಇಲ್ಲ ಅಂದರೆ ಸಹಿ ಮಾಡಿದ ಐಟಿಆರ್-ವಿ (ರಿಟರ್ನ್ ಹಾಕಿದ್ದಕ್ಕೆ ಸಿಗುವ ಹಾಳೆ) ಪ್ರತಿಯನ್ನು ಅದೇ 30 ದಿನದೊಳಗೆ ಬೆಂಗಳೂರಿನಲ್ಲಿರುವ ತೆರಿಗೆ ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬಹುದು.

ಕಿಗ್ಗಟ್ಟುನಾಡು

ಮೇಲಿನವರು ತೆರಿಗೆ ಬಗ್ಗೆ ಹೇಳಿದ್ದಾರೆ, ನಾನು ನಾಡಕಚೇರಿ ಕಡೆಯದ್ದು ಹೇಳುತ್ತೇನೆ. ನನ್ನ ಇಬ್ಬರು ಮಕ್ಕಳಿಗೂ ಇದನ್ನೆಲ್ಲ ಮಾಡಿಸಿದ್ದೇನೆ.

ಸಿಇಟಿಯಲ್ಲಿ 3ಎ (ಹಿಂದುಳಿದ ವರ್ಗ) ಮೀಸಲಾತಿ ಕೇಳುವುದಾದರೆ ಜಾತಿ ಮತ್ತು ಆದಾಯ ಸೇರಿದ ಪ್ರಮಾಣಪತ್ರ ಬೇಕು, ನಮೂನೆ-ಎಫ್. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಸಿಇಟಿ ಅರ್ಜಿಗೂ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೂ ಅದೇ ನಂಬರ್ ಕೇಳುತ್ತಾರೆ. ಆ ನಂಬರ್ ಹಾಕಿದಾಗ ಬರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಸರಿಹೊಂದಬೇಕು. ನಮ್ಮ ಕಡೆ ದೊಡ್ಡ ತಲೆನೋವು ಇದೇ. ಮನೆ ಹೆಸರು ಒಂದು ಕಡೆ ಮುಂದೆ ಬಂದಿರುತ್ತದೆ, ಇನ್ನೊಂದು ಕಡೆ ಹಿಂದೆ, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಪಾನ್ ಕಾರ್ಡಿನಲ್ಲಿ ಅಪ್ಪನ ಹೆಸರೂ ಸೇರಿ ಉದ್ದ. ಇವತ್ತು ರಾತ್ರಿ ಊಟ ಆದ ಮೇಲೆ ಮಗಳ ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನಿಮ್ಮಿಬ್ಬರ ಆಧಾರ್ ಮತ್ತು ಪಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ನೋಡಿ. ಅಂಕಪಟ್ಟಿಯ ಹೆಸರನ್ನೇ ಹಿಡಿದು ಆಧಾರ್ ತಿದ್ದಿಸುವುದು ಸುಲಭ. ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಇದು. ಪಾನ್ ಮತ್ತು ಆಧಾರ್ ಲಿಂಕ್ ಆಗಿದೆಯಾ ಅಂತಲೂ ನೋಡಿಬಿಡಿ.

ಜಮ್ಮಾ ಪಹಣಿ ಅಜ್ಜನ ಹೆಸರಲ್ಲೇ ಇದೆ ಅಂತ ಹೆದರಬೇಡಿ, ಜಿಲ್ಲೆಯಲ್ಲಿ ಅರ್ಧ ಜನರದ್ದು ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನಲ್ಲೇ ನಡೆಯುತ್ತಿದೆ. ಆದಾಯ ಪ್ರಮಾಣಪತ್ರ ಜಾಗದ ಹಕ್ಕುಪತ್ರ ಅಲ್ಲ. ಆದರೆ ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಪಹಣಿಯ ಒಟ್ಟು ಎಕರೆ ನೋಡಿ ಅಷ್ಟೂ ನಿಮ್ಮದೇ ಅಂದುಕೊಂಡರೆ ಆದಾಯ ಜಾಸ್ತಿ ಬರೆದುಬಿಡುತ್ತಾರೆ. ವಂಶವೃಕ್ಷ, ಮನೆಯೊಳಗಿನ ಪಾಲು ಪಟ್ಟಿ ಇದ್ದರೆ ಅದರ ಪ್ರತಿ, ನಿಮ್ಮ ಹೆಸರಿನ ಕಾಫಿ ಬಿಲ್ಲು ಇವಿಷ್ಟನ್ನು ಕೈಯಲ್ಲೇ ಇಟ್ಟುಕೊಂಡು ನಿಮ್ಮ ಪಾಲು ಎಷ್ಟು ಅಂತ ತೋರಿಸಿ. ನಾಪೋಕ್ಲು ನಾಡಕಚೇರಿಯಲ್ಲಿ ಮೇ ಕೊನೆಯಲ್ಲಿ, ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಬಂದು ಕೂರುತ್ತಾರೆ. ಕೊಯ್ಲು ಮುಗಿದ ತಕ್ಷಣ, ಏಪ್ರಿಲ್‌ನಲ್ಲೇ ಹೋಗಿ. ಸಿಇಟಿ ಅರ್ಜಿಗೆ ಆರ್‌ಡಿ ನಂಬರ್ ಇನ್ನೂ ಆಗಿಲ್ಲ ಅಂದರೆ ಮಾತ್ರ ಕೊಯ್ಲಿನ ಮಧ್ಯೆಯೇ ಒಂದು ದಿನ ಬಿಡುವು ಮಾಡಿಕೊಳ್ಳಿ.

ವಿರಾಜಪೇಟೆ_ಬ್ಯಾಂಕಿನವ

ಸಾಲದ ಮೇಜಿನಲ್ಲಿ ಕೂರುವವನಾಗಿ ಹೇಳುತ್ತೇನೆ. ರಿಟರ್ನ್ ಮತ್ತು ಆದಾಯ ಪ್ರಮಾಣಪತ್ರ, ಎರಡೂ ಬೇಕು. ರಿಟರ್ನ್ ನೋಡುವುದು ಬ್ಯಾಂಕು, ಸಾಲ ತೀರಿಸುವ ಶಕ್ತಿ ಅಳೆಯಲು. ಬಡ್ಡಿ ರಿಯಾಯಿತಿ ಕೊಡುವುದು ಸರ್ಕಾರ, ಅದಕ್ಕೆ ತಹಶೀಲ್ದಾರ್ ಪ್ರಮಾಣಪತ್ರವೇ ಆಗಬೇಕು, ರಿಟರ್ನ್ ನಡೆಯುವುದಿಲ್ಲ.

ಮಿತಿಗಳು ಹೀಗಿವೆ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ ಇದ್ದು ಮಗಳು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಸೇರಿದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಪೂರ್ತಿ ಬಡ್ಡಿಯನ್ನು ಕೇಂದ್ರ ಕಟ್ಟುತ್ತದೆ. 8 ಲಕ್ಷದೊಳಗೆ ಇದ್ದರೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ ಇದೆ. ಆದರೆ ಆ ಯೋಜನೆ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಈ ರಿಯಾಯಿತಿ ಸಿಗುವುದಿಲ್ಲ. ಸಿಇಟಿ ಆದಮೇಲೆ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು) ಮಾಡುವ ಮೊದಲೇ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಸಿಇಟಿಯಲ್ಲೇ 8 ಲಕ್ಷದೊಳಗಿನವರಿಗೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ, ಅಂದರೆ ಹೆಚ್ಚುವರಿ) ಸೀಟು ಇದೆ, ಅದರಲ್ಲಿ ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಟ್ಟು ಆಮೇಲೆ ಬಂದು ಅಳುವ ತಂದೆತಾಯಂದಿರನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಮನೆಯವರ ಸಂಬಳದಲ್ಲಿ ಟಿಡಿಎಸ್ ಹಿಡಿದಿದ್ದರೆ ಜೂನ್ 15ರೊಳಗೆ ಫಾರ್ಮ್ 16 ಬರುತ್ತದೆ. ಹಿಡಿದಿಲ್ಲ ಅಂದರೆ ಶಾಲೆಯಿಂದ ಸಂಬಳದ ಪತ್ರ ಬರೆಸಿಕೊಳ್ಳಿ. ಹಳೆಯ ರಿಟರ್ನ್ ಇಲ್ಲ ಅಂದಿರಿ, ಅದಕ್ಕಾಗಿ ಸಾಲ ನಿಲ್ಲಬೇಕಿಲ್ಲ. ಪಹಣಿ, ಎರಡು ವರ್ಷದ ಕಾಫಿ ಬಿಲ್ಲು, ಪಾಸ್‌ಬುಕ್ ಹಿಡಿದುಕೊಂಡು ಶಾಖೆಯಲ್ಲಿ ಮಾತಾಡಿ. ಈ ವರ್ಷದ್ದು ಮಾತ್ರ ತಪ್ಪದೆ ಹಾಕಿ.

ನಾಪೋಕ್ಲು_ತೋಟ

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎಸ್‌ಎನ್‌ಕ್ಯೂ ಬಗ್ಗೆ ಈಗಲೇ ಕೇಳಿದ್ದು. ಒಂದು ಅನುಮಾನ. ಈಚೆಗೆ ಕಾಫಿಗೆ ಬೆಲೆ ಇದೆ, ಖರ್ಚು ಕಳೆದರೂ ಸಂಬಳ ಎಲ್ಲ ಸೇರಿ 4.5 ಲಕ್ಷ ದಾಟುತ್ತದೆ ಅನಿಸುತ್ತಿದೆ. ಪಕ್ಕದ ಊರಿನವರೊಬ್ಬರು ಆದಾಯ ಒಂದೇ ಲಕ್ಷ ಅಂತ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ, ಯಾರೂ ನೋಡುವುದಿಲ್ಲ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೂ ಕೇಳುತ್ತಿದ್ದೇನೆ.

ಲೆಕ್ಕದ_ಮನೆ_ಮಡಿಕೇರಿ

ಬೇಡವೇ ಬೇಡ. ನಿಮ್ಮ ಮನಸ್ಸು ಹೇಳಿದ್ದೇ ಸರಿ. ರಿಟರ್ನ್‌ನಲ್ಲಿ ಆರು ಲಕ್ಷ, ಪ್ರಮಾಣಪತ್ರದಲ್ಲಿ ಒಂದು ಲಕ್ಷ, ಎರಡನ್ನೂ ಒಂದೇ ಬ್ಯಾಂಕಿನ ಒಂದೇ ಫೈಲಿಗೆ ಕೊಡುತ್ತೀರಿ. ಸಿಕ್ಕಿಬಿದ್ದರೆ ಸೀಟು, ರಿಯಾಯಿತಿ ಎರಡೂ ಹೋಗಬಹುದು, ಹೋಗುವುದು ಮಗಳದ್ದು. 4.5 ದಾಟಿದರೂ 8 ಲಕ್ಷದ ಬಾಗಿಲು ತೆರೆದೇ ಇದೆ. ನಿಜವಾದ ಖರ್ಚನ್ನು ಪೂರ್ತಿ ಬರೆಯಿರಿ, ನಮ್ಮವರು ಬರೆಯುವುದೇ ಇಲ್ಲ. ಕಣ ರಿಪೇರಿ, ಬಳ್ಳಿ ಹಬ್ಬಿಸಿದ ಕೂಲಿ, ಮೆಣಸು ಕೊಯ್ಯುವ ಏಣಿ, ಎಲ್ಲ ಖರ್ಚೇ.

ಸರ್ಕಾರದ್ದು ಬಿಟ್ಟು ಕೆಲವು ವಿಶ್ವವಿದ್ಯಾಲಯಗಳೇ ಕುಟುಂಬದ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತವೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಹಾಗೆ. ಅಲ್ಲಿ ಇಂಜಿನಿಯರಿಂಗ್ ಇಲ್ಲ, ಆದರೆ ಬೇರೆ ಓದಿನ ಮಕ್ಕಳಿರುವವರು ಇದನ್ನು ಓದುತ್ತಿದ್ದರೆ ಗೊತ್ತಿರಲಿ.

ಸಿದ್ದಾಪುರ_ಲೈನ್‌ಮನೆ

ತೋಟದ ಮಾಲೀಕರ ಮಾತು ನಡೀತಿದೆ, ಮಧ್ಯೆ ಬರುತ್ತಿದ್ದೇನೆ. ತೋಟದಲ್ಲಿ ಕೆಲಸ ಮಾಡುವವರ ಮಕ್ಕಳೂ ಇದನ್ನು ಓದುತ್ತಾರೆ. ನಮ್ಮ ಅಪ್ಪ ಅಮ್ಮನಿಗೆ ರಿಟರ್ನ್ ಬೇಕಿಲ್ಲ, ಆದರೆ ಆದಾಯ ಪ್ರಮಾಣಪತ್ರ ಬೇಕೇ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಾದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮಿತಿ 2.5 ಲಕ್ಷ. ಪಿಯುಸಿಯಲ್ಲಿ ಒಳ್ಳೆ ಅಂಕ ಇದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇ 20ರೊಳಗೆ ಬಂದಿರಬೇಕು, ಆದಾಯ 4.5 ಲಕ್ಷದೊಳಗಿರಬೇಕು. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ಬರುತ್ತದೆ, ಪ್ರತಿ ವರ್ಷ ನವೀಕರಿಸಬೇಕು. ಕಾಫಿ ಮಂಡಳಿ ತೋಟದ ಕಾರ್ಮಿಕರ ಮಕ್ಕಳಿಗೆ ಕೊಡುವ ನೆರವೂ ಇದೆ, ನಿಮ್ಮ ಹತ್ತಿರದ ಮಂಡಳಿಯ ಸಂಪರ್ಕಾಧಿಕಾರಿ ಕಚೇರಿಯಲ್ಲಿ ಕೇಳಿ.

ಹಣ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ. ಖಾತೆ ಮಗುವಿನ ಹೆಸರಿನಲ್ಲಿರಲಿ, ಬ್ಯಾಂಕಿನಲ್ಲಿ ಡಿಬಿಟಿಗೆ (ಸರ್ಕಾರದ ನೇರ ಹಣ ವರ್ಗಾವಣೆಗೆ) ಜೋಡಿಸಿದ್ದೀರಾ ಅಂತ ಕೇಳಿಯೇ ಬನ್ನಿ. ಮಾಲೀಕರಿಗೆ ಒಂದು ಕೋರಿಕೆ ಇದೆ. ಆಳುಗಳು ಸಂಬಳದ ಚೀಟಿ ಕೇಳಿದರೆ ಬರೆದುಕೊಡಿ. ನಾಡಕಚೇರಿಯಲ್ಲಿ ಅದಿಲ್ಲದೆ ಓಡಾಡಿಸುತ್ತಾರೆ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ.

ನಾಪೋಕ್ಲು_ತೋಟ

ಖಂಡಿತ. ನಮ್ಮಲ್ಲಿ ಕೆಲಸ ಮಾಡುವ ಮನೆಯವರ ಮಗ ಈ ವರ್ಷ ಮೊದಲ ಪಿಯುಸಿ, ಅವರಿಗೆ ಈ ಭಾನುವಾರವೇ ಬರೆದುಕೊಡುತ್ತೇನೆ. ಮಗಳ ಆಧಾರ್‌ನಲ್ಲಿ ಮನೆ ಹೆಸರು ಕೊನೆಯಲ್ಲಿದೆ, ಅಂಕಪಟ್ಟಿಯಲ್ಲಿ ಮೊದಲಿದೆ, ಈಗಷ್ಟೇ ನೋಡಿದೆ. ನಾಳೆ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇವೆ.